ಅಪ್‌ಡೇಟ್: ಉಪ್ಪುನೀರಿನ ಅಕ್ವೇರಿಯಂಗೆ ಮೀನು ಬಂತು

ಡೊಂಬಿವಲಿಯ ನಮ್ಮ ಮನೆಯ 75 ಲೀಟರ್ ಉಪ್ಪುನೀರಿನ ಅಕ್ವೇರಿಯಂಗೆ ಯಾವ ಮೀನು ಸರಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಮಗಳು ಆಸೆಪಟ್ಟ ನೀಲಿ ಟ್ಯಾಂಗ್ ಮೀನು ಬೇಡ ಅಂದುಕೊಂಡೆವು. ಅದು ಒಂದಡಿವರೆಗೂ ಬೆಳೆಯುತ್ತದೆ, ಈಜಲು ಜಾಗ ಬೇಕಲ್ವಾ? ಬದಲಿಗೆ ಸಮುದ್ರದಿಂದ ಹಿಡಿಯದೆ ತೊಟ್ಟಿಯಲ್ಲೇ ಮರಿ ಮಾಡಿಸಿ ಬೆಳೆಸಿದ ಒಂದು ಜೋಡಿ ಒಸೆಲ್ಲಾರಿಸ್ ಕ್ಲೌನ್‌ಫಿಶ್ ತಂದೆವು. ಕ್ಲೌನ್‌ಫಿಶ್ ಹುಟ್ಟುವಾಗ ಎಲ್ಲವೂ ಗಂಡೇ. ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಎಷ್ಟು ಚೆಂದ! ಸಮುದ್ರದಲ್ಲಿ ಇವು ಆಸರೆ ಪಡೆಯುವ ಹೂವಿನಂಥ ಜೀವಿ ಅನಿಮೋನಿ ಇಲ್ಲಿ ಬೇಕೇಬೇಕು ಅಂತೇನಿಲ್ಲ.

ನೀರಿನಲ್ಲಿ ಮೀನಿಗೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆಯೇ ಮೀನು ಬಿಟ್ಟೆವು. ಮುಂಬೈ ಸೆಕೆಗೆ ಫ್ಯಾನ್ ಹಾಕಿ ನೀರನ್ನು 26 ಡಿಗ್ರಿ ಆಸುಪಾಸಿನಲ್ಲಿ ಇಟ್ಟಿದ್ದೇವೆ. ಫ್ಯಾನಿನಿಂದ ನೀರು ಬೇಗ ಆವಿಯಾಗುತ್ತದೆ, ಉಪ್ಪು ಮಾತ್ರ ಉಳಿಯುತ್ತದೆ. ಅದಕ್ಕೇ ಕಡಿಮೆಯಾದಷ್ಟು ಆರ್‌ಒ ಸಿಹಿನೀರು ಸೇರಿಸುತ್ತೇವೆ.

ಮುಂದೆ ತಳದಲ್ಲಿರುವ ಪುಟ್ಟ ಮೀನು, ಒಂದು ವಾಚ್‌ಮನ್ ಗೋಬಿ ತರುತ್ತೇವೆ. ಅಲ್ಲಿಗೆ ಸಾಕು.