ಅಪ್‌ಡೇಟ್: ಮೀನಿನ ತೊಟ್ಟಿಗೆ ಸುರಿಯುವ ಬಕೆಟ್‌ನ ಲೆಕ್ಕ ಸಿಕ್ಕಿತು

ನನ್ನ ಬಿಳಿ ಬಕೆಟ್‌ನಲ್ಲಿ ಎಷ್ಟು ಲೀಟರ್ ನೀರು ಹಿಡಿಯುತ್ತದೆ, ಕ್ಲೋರಿನ್ ತೆಗೆಯುವ ದ್ರವ ಎಷ್ಟು ಹನಿ ಹಾಕಬೇಕು ಎಂದು ಹೋದ ವಾರ ಕೇಳಿದ್ದೆ. ಉತ್ತರ 15 ಲೀಟರ್. ನಾನು ಇಷ್ಟು ದಿನ 20 ಎಂದುಕೊಂಡಿದ್ದೆ!

ತಪ್ಪಾದದ್ದು ಬಾಯಿಯ ಅಗಲವನ್ನಷ್ಟೇ ಅಳೆದದ್ದರಿಂದ. ಬಾಯಿ 30 ಸೆಂ.ಮೀ., ತಳ 22, ನೀರಿನ ಎತ್ತರ 28. ಎರಡೂ ಅಗಲಗಳ ಸರಾಸರಿ 26 ಹಿಡಿದು ಲೆಕ್ಕ ಹಾಕಿ ಎಂದವರ ಮಾತಿನಂತೆ ಮಾಡಿದಾಗ 14.9 ಲೀಟರ್ ಬಂತು. ನೆಚ್ಚಿಕೆ ಬಂದದ್ದು ಮಾತ್ರ ತೂಕದಿಂದ. ಖಾಲಿ ಬಕೆಟ್ ಹಿಡಿದು ತೂಕದ ಯಂತ್ರದ ಮೇಲೆ ನಿಂತೆ, ಆಮೇಲೆ ತುಂಬಿದ ಬಕೆಟ್ ಹಿಡಿದು ನಿಂತೆ. ವ್ಯತ್ಯಾಸ 15 ಕಿಲೋ. ಒಂದು ಲೀಟರ್ ನೀರು ಸುಮಾರು ಒಂದು ಕಿಲೋ ತಾನೇ, ಅಲ್ಲಿಗೆ ಮುಗಿಯಿತು. ಈ ಉಪಾಯ ಹೇಳಿದವರಿಗೆ ತುಂಬಾ ಧನ್ಯವಾದ.

ಲೀಟರ್ ಬಾಟಲಿಯಿಂದ ಸುರಿದು ಎಣಿಸುವುದು ನನಗೆ ಕೈಕೊಟ್ಟಿತು. ಹದಿನಾಲ್ಕರ ಮೇಲೆ ಸ್ವಲ್ಪಕ್ಕೇ ಬಕೆಟ್ ತುಂಬಿತು. ಬಾಟಲಿಯನ್ನು ಕಂಠಮಟ್ಟ ತುಂಬಿಸಿದರೆ ಒಂದು ಲೀಟರ್‌ಗಿಂತ ಹೆಚ್ಚೇ ಹಿಡಿಯುತ್ತದೆ ಎಂಬುದು ನನಗೆ ಹೊಸ ವಿಷಯ.

ಈಗ ಬಕೆಟ್‌ನ ಹೊರಗೆ, ನೀರಿನ ನೆರಳು ಕಾಣುವ ಮಟ್ಟದಲ್ಲಿ, 5, 10, 15ಕ್ಕೆ ಗೆರೆ ಎಳೆದಿದ್ದೇನೆ. ಒಳಗೆ ಬರೆಯಲಿಲ್ಲ, ಶಾಯಿ ನೀರಿಗೆ ಬಿಡುವುದು ಬೇಡ. ತೊಟ್ಟಿಯ ನೀರನ್ನು ಎರಡು ಬಕೆಟ್‌ನಷ್ಟು ಬದಲಾಯಿಸಿದರೆ 40 ಅಲ್ಲ, 30 ಲೀಟರ್. ಔಷಧ, ಉಪ್ಪು ಎಲ್ಲವೂ ಆ ಲೆಕ್ಕಕ್ಕೇ. ಗಪ್ಪಿ ಮೀನುಗಳು ಚೆನ್ನಾಗಿವೆ.