ಹಕ್ಕಿ ಸಾಕಿದ ಕೊಲೆಗಾರ: ಸಿನಿಮಾ ನೋಡಿದವರ ಪ್ರಶ್ನೆಗಳಿಗೆ ವಕೀಲರ ಉತ್ತರ

ನಿರ್ವಾಹಕರ ಮಾತು: ಮೈಸೂರಿನ ನಮ್ಮ ಸಿನಿಮಾ ಬಳಗ ಈ ಬಾರಿ ನೋಡಿದ್ದು 1962ರ ‘ಬರ್ಡ್‌ಮ್ಯಾನ್ ಆಫ್ ಆಲ್ಕಟ್ರಾಝ್’. ನಿರ್ದೇಶನ ಜಾನ್ ಫ್ರಾಂಕನ್‌ಹೈಮರ್ ಅವರದು, ಮುಖ್ಯ ಪಾತ್ರದಲ್ಲಿ ಬರ್ಟ್ ಲ್ಯಾಂಕಾಸ್ಟರ್. ಕೊಲೆ ಮಾಡಿ ಜೈಲು ಸೇರಿದ ರಾಬರ್ಟ್ ಸ್ಟ್ರೌಡ್ ಎಂಬ ಅಮೆರಿಕದ ಕೈದಿ ಒಂಟಿ ಕೋಣೆಯಲ್ಲಿ ಹಕ್ಕಿ ಸಾಕುತ್ತ ಹಕ್ಕಿರೋಗಗಳ ತಜ್ಞನಾದ ಕಥೆ ಇದು. ಸಿನಿಮಾ ಮುಗಿದ ಮೇಲೆ ಎದ್ದ ಪ್ರಶ್ನೆಗಳಿಗೆ, ಮೈಸೂರಿನಲ್ಲಿ ಕ್ರಿಮಿನಲ್ ಮೊಕದ್ದಮೆಗಳನ್ನು ನಡೆಸುವ ನಮ್ಮ ಸದಸ್ಯರೊಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ (ಸರಸ್ವತಿಪುರಂ): ಸಿನಿಮಾದಲ್ಲಿ ತೋರಿಸಿದ್ದರಲ್ಲಿ ನಿಜ ಎಷ್ಟು?

ಉತ್ತರ: ಘಟನೆಗಳ ಎಲುಬುಗೂಡು ನಿಜ, ಮನುಷ್ಯ ಮಾತ್ರ ಬೇರೆ. ಸ್ಟ್ರೌಡ್ 1909ರಲ್ಲಿ ಅಲಾಸ್ಕಾದ ಜೂನೊ ಪಟ್ಟಣದಲ್ಲಿ ಮದ್ಯದಂಗಡಿಯ ನೌಕರನೊಬ್ಬನನ್ನು ಕೊಂದು 12 ವರ್ಷಗಳ ಶಿಕ್ಷೆ ಪಡೆದ. 1912ರಲ್ಲಿ ಅವನನ್ನು ಕನ್ಸಾಸ್‌ನ ಲೆವೆನ್‌ವರ್ತ್ ಜೈಲಿಗೆ ಕಳುಹಿಸಿದರು. 1916ರ ಮಾರ್ಚ್‌ನಲ್ಲಿ ಅಲ್ಲಿನ ಊಟದ ಹಾಲಿನಲ್ಲಿ, ನೂರಾರು ಕೈದಿಗಳ ಕಣ್ಣೆದುರೇ, ಕಾವಲುಗಾರನೊಬ್ಬನನ್ನು ಇರಿದು ಕೊಂದ. ಈ ಎರಡನೆಯ ಕೊಲೆಗೆ ಮೂರು ಬಾರಿ ವಿಚಾರಣೆ ನಡೆಯಿತು. ಮೊದಲ ಬಾರಿ ಗಲ್ಲು, ಎರಡನೆಯ ಬಾರಿ ಜೀವಾವಧಿ, ಮೂರನೆಯ ಬಾರಿ ಮತ್ತೆ ಗಲ್ಲು. ತಾಯಿ ಬೇಡಿಕೊಂಡದ್ದರಿಂದ 1920ರಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಗಲ್ಲನ್ನು ಜೀವಾವಧಿಗೆ ಇಳಿಸಿದರು. ಆಮೇಲೆ ಗುಬ್ಬಚ್ಚಿ ಮರಿಗಳು ಬಂದವು, ಕೆನರಿ ಎಂಬ ಹಾಡುಹಕ್ಕಿಗಳು ಬಂದವು, ಹಕ್ಕಿರೋಗಗಳ ಬಗ್ಗೆ 1933ರಲ್ಲಿ ಒಂದು ಮತ್ತು 1943ರಲ್ಲಿ ಇನ್ನೊಂದು ಪುಸ್ತಕ ಬಂದವು.

ಶೀರ್ಷಿಕೆಯಲ್ಲೇ ಒಂದು ಸುಳ್ಳಿದೆ. ಅವನು ಹಕ್ಕಿ ಸಾಕಿದ್ದೆಲ್ಲ ಲೆವೆನ್‌ವರ್ತ್‌ನಲ್ಲಿ. 1942ರಲ್ಲಿ ಆಲ್ಕಟ್ರಾಝ್ ದ್ವೀಪದ ಜೈಲಿಗೆ ಒಯ್ದಾಗ ಒಂದು ಹಕ್ಕಿಯನ್ನೂ ಜೊತೆಗೆ ಕಳುಹಿಸಲಿಲ್ಲ, ಅಲ್ಲಿ ಸಾಕಲು ಬಿಡಲೂ ಇಲ್ಲ. ಹಕ್ಕಿಗಳ ಚಿಕಿತ್ಸೆಗೆಂದು ತರಿಸಿಕೊಂಡ ಸಲಕರಣೆಗಳಲ್ಲಿ ಅವನು ಸಾರಾಯಿ ಕಾಯಿಸುತ್ತಿದ್ದುದೂ ಪತ್ತೆಯಾಗಿತ್ತು. ಲ್ಯಾಂಕಾಸ್ಟರ್ ಅವರ ತಣ್ಣನೆಯ, ಋಷಿಯಂಥ ಮುಖ ನೋಡಿದವರಿಗೆ ಇದನ್ನು ನಂಬುವುದು ಕಷ್ಟ. ನಿಜವಾದ ಸ್ಟ್ರೌಡ್ ಜಗಳಗಂಟ, ಅಪಾಯಕಾರಿ. ಜೊತೆಯ ಕೈದಿಗಳಲ್ಲಿ ಅನೇಕರಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಸಿನಿಮಾ ತೆರೆಕಂಡಾಗ ಅವನಿನ್ನೂ ಬದುಕಿದ್ದ, ಆದರೆ ನೋಡಲು ಅವಕಾಶ ಸಿಗಲಿಲ್ಲ. 1963ರ ನವೆಂಬರ್ 21ರಂದು ತೀರಿಕೊಂಡ. ಮರುದಿನ ಅಧ್ಯಕ್ಷ ಕೆನಡಿ ಹತ್ಯೆಯಾಯಿತು, ಪತ್ರಿಕೆಗಳಲ್ಲಿ ಇವನಿಗೆ ಜಾಗ ಎಲ್ಲಿಂದ ಸಿಗಬೇಕು?

ಪ್ರಶ್ನೆ (ಮಂಡ್ಯ): 54 ವರ್ಷ ಜೈಲು, ಅದರಲ್ಲಿ ಸುಮಾರು 42 ವರ್ಷ ಏಕಾಂತ ಸೆರೆ ಎಂದು ಓದಿದೆ. ನಮ್ಮ ದೇಶದಲ್ಲಿ ಒಬ್ಬನನ್ನು ಹೀಗೆ ಇಡಬಹುದೇ?

ಉತ್ತರ: ಕಾನೂನಿನ ಪ್ರಕಾರ ಇಡುವಂತಿಲ್ಲ. ಏಕಾಂತ ಸೆರೆ ನಮ್ಮಲ್ಲಿ ಪ್ರತ್ಯೇಕವಾದ ಒಂದು ಶಿಕ್ಷೆ. ಕಠಿಣ ಸಜೆಯ ಭಾಗವಾಗಿ ನ್ಯಾಯಾಲಯವೇ ಅದನ್ನು ವಿಧಿಸಬೇಕು. ಎಷ್ಟೇ ದೊಡ್ಡ ಸಜೆಯಾದರೂ ಏಕಾಂತ ಒಟ್ಟು 3 ತಿಂಗಳು ಮೀರುವಂತಿಲ್ಲ, ಒಂದು ಸಲಕ್ಕೆ 14 ದಿನಕ್ಕಿಂತ ಹೆಚ್ಚು ಇಡುವಂತಿಲ್ಲ, ನಡುವೆ ಅಷ್ಟೇ ದಿನಗಳ ಬಿಡುವು ಕೊಡಬೇಕು. ಹಳೆಯ ದಂಡ ಸಂಹಿತೆಯ 73 ಮತ್ತು 74ನೇ ಕಲಮುಗಳಲ್ಲಿ ಇದ್ದುದು ಈಗ ಭಾರತೀಯ ನ್ಯಾಯ ಸಂಹಿತೆಯ 11 ಮತ್ತು 12ಕ್ಕೆ ಬಂದಿದೆ.

ಆದರೆ ಜೈಲುಗಳಲ್ಲಿ ‘ಭದ್ರತೆಗಾಗಿ ಬೇರೆ ಇಟ್ಟಿದ್ದೇವೆ’ ಎಂಬ ಮಾತು ಬಹಳ ಹಳೆಯದು. ಗಲ್ಲು ಶಿಕ್ಷೆಯಾದವರನ್ನು ತೀರ್ಪು ಬಂದ ದಿನದಿಂದಲೇ ಒಂಟಿ ಕೋಣೆಗೆ ಹಾಕುವ ರೂಢಿ ಇತ್ತು. ಗಲ್ಲು ಶಿಕ್ಷೆಯಾಗಿದ್ದ ಸುನಿಲ್ ಬಾತ್ರಾ ಎಂಬ ಕೈದಿಯ 1978ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಒಪ್ಪಲಿಲ್ಲ. ಮೇಲ್ಮನವಿ, ಕ್ಷಮಾದಾನದ ಅರ್ಜಿ ಎಲ್ಲ ಮುಗಿದು ಗಲ್ಲು ಅಂತಿಮವಾಗುವವರೆಗೆ ಆ ಕೈದಿಯನ್ನು ಕಾನೂನಿನ ಅರ್ಥದಲ್ಲಿ ‘ಮರಣದಂಡನೆಗೆ ಒಳಗಾದವ’ ಎಂದು ಕರೆಯುವಂತಿಲ್ಲ, ಏಕಾಂತಕ್ಕೆ ಹಾಕುವಂತೆಯೂ ಇಲ್ಲ ಎಂದಿತು. ಬಾತ್ರಾ ಬರೆದ ಪತ್ರದಿಂದಲೇ ಹುಟ್ಟಿದ ಎರಡನೆಯ ಪ್ರಕರಣದಲ್ಲಿ, ಜೈಲಿನವರು ಇಂಥ ಶಿಕ್ಷೆ ಕೊಡುವ ಮೊದಲು ಸೆಷನ್ಸ್ ನ್ಯಾಯಾಧೀಶರ ಪರಿಶೀಲನೆ ಬೇಕು ಎಂದೂ ಹೇಳಿತು.

ಪ್ರಶ್ನೆ (ಮೈಸೂರು, ಹೆಬ್ಬಾಳ): ನನಗೆ ಸಿನಿಮಾ ಹಿಡಿಸಲಿಲ್ಲ. ಇಬ್ಬರನ್ನು ಕೊಂದವನಿಗಾಗಿ ನಾವು ಎರಡು ಗಂಟೆ ಕಣ್ಣೀರು ಹಾಕಬೇಕು, ಸತ್ತ ಕಾವಲುಗಾರನ ಮನೆಯವರು ಏನಾದರು ಎಂದು ಯಾರಿಗೂ ಬೇಡ. ವಕೀಲರಿಗೆ ಇದು ಸರಿ ಅನ್ನಿಸುತ್ತದೆಯೇ?

ಉತ್ತರ: ನಿಮ್ಮ ಕೋಪ ನ್ಯಾಯವಾದದ್ದು, ಅದರ ಅರ್ಧ ನನಗೂ ಇದೆ. ಸಿನಿಮಾದ ಮೇಲೆ ನನ್ನ ದೂರು ಇದೇ: ಕೈದಿಯ ಮೇಲೆ ನಮಗೆ ಕರುಣೆ ಬರಬೇಕಾದರೆ ಅವನನ್ನು ಮೊದಲು ಒಳ್ಳೆಯವನನ್ನಾಗಿ ಮಾಡಲೇಬೇಕು ಎಂದು ಅದು ನಂಬಿದೆ. ಆದ್ದರಿಂದ ಕ್ರೌರ್ಯ ಮಾಯವಾಯಿತು, ಹಕ್ಕಿಗಳು ಉಳಿದವು. ನಿಜವಾದ ಸ್ಟ್ರೌಡ್‌ನನ್ನೇ ತೋರಿಸಿ, ‘ಇಂಥವನನ್ನೂ 42 ವರ್ಷ ಒಂಟಿಯಾಗಿ ಇಡಬಹುದೇ?’ ಎಂದು ಕೇಳಿದ್ದರೆ ಅದು ಹೆಚ್ಚು ಧೈರ್ಯದ ಸಿನಿಮಾ ಆಗುತ್ತಿತ್ತು.

ನ್ಯಾಯಾಲಯ ಈ ಪ್ರಶ್ನೆಯನ್ನು ನೇರವಾಗಿಯೇ ಎದುರಿಸಿದೆ, ಅದೂ ನಮ್ಮ ರಾಜ್ಯದ ಪ್ರಕರಣದಲ್ಲಿ. ಬೆಂಗಳೂರಿನಲ್ಲಿ 1998ರಲ್ಲಿ ನಡೆದ ಅತ್ಯಾಚಾರ ಮತ್ತು ಕೊಲೆಗಾಗಿ ಬಿ. ಎ. ಉಮೇಶ್ ಎಂಬಾತನಿಗೆ 2006ರಲ್ಲಿ ಗಲ್ಲು ಶಿಕ್ಷೆಯಾಯಿತು. ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿತ್ತು. ಅವನ ಬಗ್ಗೆ ಮರುಕ ಹುಟ್ಟಿಸುವಂಥದ್ದು ಕಡತದಲ್ಲಿ ಏನೂ ಇರಲಿಲ್ಲ, ಹಕ್ಕಿಯೂ ಇಲ್ಲ, ಪುಸ್ತಕವೂ ಇಲ್ಲ. ಆದರೂ ಬೆಳಗಾವಿಯ ಜೈಲಿನಲ್ಲಿ ಅವನನ್ನು ಸುಮಾರು ಹತ್ತು ವರ್ಷ ಏಕಾಂತದಲ್ಲಿ ಇಟ್ಟದ್ದು ಕಾನೂನುಬಾಹಿರ, ಅದರಿಂದ ಅವನ ಮೇಲೆ ದುಷ್ಪರಿಣಾಮವಾಗಿದೆ ಎಂದು 2022ರ ನವೆಂಬರ್‌ನಲ್ಲಿ ಅದೇ ಕೋರ್ಟು ಗಲ್ಲನ್ನು ಜೀವಾವಧಿಗೆ ಇಳಿಸಿತು. ಕನಿಷ್ಠ 30 ವರ್ಷ ಒಳಗಿರಲೇಬೇಕು ಎಂಬ ಷರತ್ತನ್ನೂ ಹಾಕಿತು. ಇಲ್ಲಿ ಕರುಣೆಯ ಮಾತೇ ಬರಲಿಲ್ಲ. ತೀರ್ಪಿನಲ್ಲಿ ಇಲ್ಲದ ಶಿಕ್ಷೆಯನ್ನು ಜೈಲು ಸೇರಿಸಿತು, ಅದರ ಲೆಕ್ಕವನ್ನು ಸರ್ಕಾರ ಕೊಡಬೇಕಾಯಿತು, ಅಷ್ಟೆ.

ಅದೇ ಸದಸ್ಯರು: ಕಾನೂನು ಒಪ್ಪಿದೆ, ಮನಸ್ಸು ಒಪ್ಪಿಲ್ಲ.

ಉತ್ತರ: ಮನಸ್ಸು ಒಪ್ಪಬೇಕು ಎಂದು ನಾನು ಕೇಳುವುದೂ ಇಲ್ಲ.

ಪ್ರಶ್ನೆ (ಶ್ರೀರಂಗಪಟ್ಟಣ): ನಮ್ಮ ಜೈಲಿನಲ್ಲಿ ಕೈದಿ ಹಕ್ಕಿ ಸಾಕಬಹುದೇ? ಪುಸ್ತಕ ಬರೆದು ಹೊರಗೆ ಕಳುಹಿಸಬಹುದೇ?

ಉತ್ತರ: ಹಕ್ಕಿ ಸಾಕುವ ಹಕ್ಕು ಯಾವ ಕೈದಿಗೂ ಇಲ್ಲ, ಅಧಿಕಾರಿಗಳು ಅನುಮತಿ ಕೊಟ್ಟರೆ ಉಂಟು. ಗಿಳಿಯನ್ನು ಪಂಜರಕ್ಕೆ ಹಾಕಿದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜೈಲಿನ ಹೊರಗಿರುವ ನಮ್ಮನ್ನೂ ಬಿಡುವುದಿಲ್ಲ.

ಪುಸ್ತಕದ ವಿಷಯಕ್ಕೆ ಒಳ್ಳೆಯ ತೀರ್ಪೊಂದಿದೆ. 1960ರ ದಶಕದಲ್ಲಿ ಪ್ರಭಾಕರ ಪಾಂಡುರಂಗ ಸಂಝಗಿರಿ ಎಂಬ ರಾಜಕೀಯ ಬಂಧಿ ಮುಂಬಯಿಯ ಜೈಲಿನಲ್ಲಿ ಪರಮಾಣು ವಿಜ್ಞಾನದ ಬಗ್ಗೆ ಮರಾಠಿಯಲ್ಲಿ ಪುಸ್ತಕ ಬರೆದರು. ಅದನ್ನು ಮನೆಗೆ ಕಳುಹಿಸಲು ಸರ್ಕಾರ ಬಿಡಲಿಲ್ಲ. ಬಂಧನದ ನಿಯಮಗಳಲ್ಲಿ ಇಲ್ಲದ ನಿರ್ಬಂಧವನ್ನು ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹಸ್ತಪ್ರತಿಯನ್ನು ಬಿಡಿಸಿತು. ಅತ್ತ ಸ್ಟ್ರೌಡ್ ಅಮೆರಿಕದ ಜೈಲುಗಳ ಚರಿತ್ರೆಯ ಬಗ್ಗೆ ಬರೆದ ದೊಡ್ಡ ಹಸ್ತಪ್ರತಿ ಅವನು ಬದುಕಿರುವವರೆಗೂ ಅಚ್ಚಾಗಲಿಲ್ಲ. ಹಕ್ಕಿಯ ರೋಗದ ಬಗ್ಗೆ ಬರೆದರೆ ಅಡ್ಡಿಯಿಲ್ಲ, ಜೈಲಿನ ರೋಗದ ಬಗ್ಗೆ ಬರೆಯಬಾರದು!

ಇನ್ನೊಂದು ಮಾತು. ರಂಗಾಯಣದ ಹುಲುಗಪ್ಪ ಕಟ್ಟೀಮನಿ ಅವರು ನಮ್ಮ ಕೈದಿಗಳಿಗೆ ನಾಟಕ ಕಲಿಸಿ ರಂಗಕ್ಕೆ ಹತ್ತಿಸಿದ್ದು ಈ ಊರಿನವರಿಗೆ ನೆನಪಿರಬೇಕು. ಅಮೆರಿಕದ ಹಕ್ಕಿ ಕೋಣೆಯನ್ನು ಕಂಡು ಬೆರಗಾಗುವವರು ಅಶೋಕ ರಸ್ತೆಯ ಜೈಲಿನ ಕಡೆಗೂ ಒಮ್ಮೆ ನೋಡಬಹುದು.

ಪ್ರಶ್ನೆ (ಮಳವಳ್ಳಿ): ಜೀವಾವಧಿ ಎಂದರೆ 14 ವರ್ಷ ತಾನೇ? ಸ್ಟ್ರೌಡ್ ನಮ್ಮಲ್ಲಿದ್ದಿದ್ದರೆ 1934ಕ್ಕೇ ಹೊರಗೆ ಬರುತ್ತಿದ್ದನೇ?

ಉತ್ತರ: ನನ್ನ ಕಚೇರಿಗೆ ಬರುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಇದನ್ನೇ ನಂಬಿಕೊಂಡು ಬರುತ್ತಾರೆ. ಜೀವಾವಧಿ ಎಂದರೆ ಜೀವ ಇರುವವರೆಗೆ. ಗಾಂಧಿ ಹತ್ಯೆಯಲ್ಲಿ ಜೀವಾವಧಿಯಾಗಿದ್ದ ಗೋಪಾಲ ಗೋಡ್ಸೆಯ 1961ರ ಪ್ರಕರಣದಿಂದಲೇ ಇದು ಸ್ಪಷ್ಟವಾಗಿದೆ. 14 ವರ್ಷ ಬರುವುದು ಬೇರೆ ಕಡೆ: ಗಲ್ಲು ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿ ಆಗಿದ್ದರೆ, ಸರ್ಕಾರ ಸಜೆ ಕಡಿತ ಮಾಡಿ ಬಿಡಬೇಕೆಂದರೂ ಅದಕ್ಕೆ ಮೊದಲು ಕನಿಷ್ಠ 14 ವರ್ಷ ಒಳಗೆ ಕಳೆದಿರಬೇಕು. ಅದು ಬಾಗಿಲಲ್ಲ, ಹೊಸ್ತಿಲು. ದಾಟಿಸುವುದೋ ಬಿಡುವುದೋ ಸರ್ಕಾರದ ತೀರ್ಮಾನ. ಕೆಲವು ಪ್ರಕರಣಗಳಲ್ಲಿ ಆ ಅವಕಾಶವನ್ನೂ ಸುಪ್ರೀಂ ಕೋರ್ಟ್ ಮುಚ್ಚುತ್ತದೆ. 2008ರಲ್ಲಿ, ಪತ್ನಿಯನ್ನು ಕೊಂದ ಬೆಂಗಳೂರಿನ ಸ್ವಾಮಿ ಶ್ರದ್ಧಾನಂದನ ಪ್ರಕರಣದಲ್ಲಿ ಹಾಗೆಯೇ ಮಾಡಿತು. ಜೈಲಿನೊಳಗೇ ಮತ್ತೊಂದು ಕೊಲೆ ಮಾಡಿದವನನ್ನು ಬಿಡಲು ಯಾವ ಸರ್ಕಾರ ಮುಂದಾದೀತು, ನೀವೇ ಊಹಿಸಿ.

ಪ್ರಶ್ನೆ (ನಾಗಮಂಗಲ): ನಮ್ಮ ಕಡೆಯ ಹಳೆಯ ಕೈದಿಯೊಬ್ಬರ ಜೀವನವನ್ನು ಕಿರುಚಿತ್ರ ಮಾಡಬೇಕೆಂದು ಗೆಳೆಯರೆಲ್ಲ ಸೇರಿದ್ದೇವೆ. ಯಾರ ಅನುಮತಿ ಬೇಕು?

ಉತ್ತರ: ಇದಕ್ಕೆ 1994ರ ಆಟೋ ಶಂಕರ್ ಪ್ರಕರಣವನ್ನು ಓದಿ. ಗಲ್ಲು ಶಿಕ್ಷೆಯಾದ ಕೈದಿಯ ಆತ್ಮಕಥೆಯನ್ನು ತಮಿಳು ಪತ್ರಿಕೆಯೊಂದು ಅಚ್ಚು ಹಾಕಬಾರದು ಎಂದು ಅಧಿಕಾರಿಗಳು ತಡೆಯಲು ಹೋಗಿದ್ದರು. ನ್ಯಾಯಾಲಯದ ಕಡತದಂಥ ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಯಾರ ಒಪ್ಪಿಗೆಯೂ ಇಲ್ಲದೆ ಹೇಳಬಹುದು ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ದಾಖಲೆಯನ್ನು ದಾಟಿ ಅವರ ದಾಂಪತ್ಯ, ಮಕ್ಕಳು, ಕಾಯಿಲೆ ಎಂದು ಹೊರಟರೆ ಒಪ್ಪಿಗೆ ಬೇಕು. ಅವರು ಬದುಕಿದ್ದರೆ ಬರವಣಿಗೆಯಲ್ಲಿ ಪಡೆದುಕೊಳ್ಳಿ, ಬಾಯಿಮಾತು ಸಾಲದು. ಲೈಂಗಿಕ ಅಪರಾಧದ ಪ್ರಕರಣವಾಗಿದ್ದರೆ ಸಂತ್ರಸ್ತೆಯ ಹೆಸರಷ್ಟೇ ಅಲ್ಲ, ಊರು, ಬೀದಿ, ಶಾಲೆ ಯಾವುದರಿಂದಲೂ ಗುರುತು ಸಿಗದಂತೆ ನೋಡಿಕೊಳ್ಳಬೇಕು. ಇದು ತಪ್ಪಿದರೆ ನಿಮ್ಮ ಮೇಲೆಯೇ ಮೊಕದ್ದಮೆ ಆಗುತ್ತದೆ. ಜೈಲಿನೊಳಗೆ ಚಿತ್ರೀಕರಣಕ್ಕೆ ಕಾರಾಗೃಹ ಇಲಾಖೆಯ ಅನುಮತಿ ಬೇರೆ ಬೇಕು. ತೀರ್ಪಿನ ದೃಢೀಕೃತ ಪ್ರತಿಗೆ ಮೊದಲು ಅರ್ಜಿ ಹಾಕಿ, ಅದು ಕೈಗೆ ಬಂದ ಮೇಲೆ ಚಿತ್ರಕಥೆಗೆ ಕುಳಿತುಕೊಳ್ಳಿ. ಕೊಲೆಯಾದವರ ಮನೆಗೂ ಒಮ್ಮೆ ಹೋಗಿ ಬನ್ನಿ. ಅದನ್ನು ಯಾವ ಕಾನೂನೂ ಕೇಳುವುದಿಲ್ಲ, ಆದರೆ ಹೆಬ್ಬಾಳದ ಸದಸ್ಯರು ನಿಮ್ಮ ಚಿತ್ರ ನೋಡಲು ಖಂಡಿತ ಬರುತ್ತಾರೆ.