ವಿಂಡೋಸ್ ವಿಎಂನ ಮೆಮೊರಿ ತಿನ್ನುತ್ತಿರುವುದು ಯಾರು?

ತೊಗರಿ_ಸರ್ವರ್ (ಕಲಬುರಗಿ):
ಇಲ್ಲೊಂದು ದಾಲ್ ಮಿಲ್ ಆಫೀಸಿನ ಸರ್ವರ್ ನೋಡಿಕೊಳ್ಳುತ್ತೇನೆ. 32 ಜಿಬಿ ರ‍್ಯಾಮ್, ಪ್ರಾಕ್ಸ್‌ಮಾಕ್ಸ್ 7 (ಒಂದೇ ಸರ್ವರ್‌ನಲ್ಲಿ ಹಲವು ವರ್ಚುವಲ್ ಮಷೀನ್, ಅಂದ್ರೆ ವಿಎಂ, ನಡೆಸೋ ಸಾಫ್ಟ್‌ವೇರ್), ಡಿಸ್ಕ್‌ಗೆ ಜೆಡ್‌ಎಫ್‌ಎಸ್ ಫೈಲ್ ಸಿಸ್ಟಂ. ಟ್ಯಾಲಿಗೆ ಒಂದು ವಿಂಡೋಸ್ ವಿಎಂ ಇದೆ, ಗರಿಷ್ಠ 12 ಜಿಬಿ, ಕನಿಷ್ಠ 4, ಬಲೂನ್ ಆನ್. ಕ್ಯಾಮೆರಾ ರೆಕಾರ್ಡಿಂಗ್‌ನ ಲಿನಕ್ಸ್ ವಿಎಂಗೆ 8. ಒಟ್ಟು 20 ತಾನೆ? ಆದ್ರೂ ತೊಗರಿ ಆವಕ ಜೋರಾಗಿರುವ ದಿನ ಬಿಲ್ ಹಾಕಲು ಕೂತರೆ ಪೂರಾ ಸ್ಲೋ. ಟಾಸ್ಕ್ ಮ್ಯಾನೇಜರ್ 11 ಜಿಬಿ ಬಳಕೆ ಅಂತ ತೋರಿಸುತ್ತೆ, ಪ್ರೋಸೆಸ್‌ಗಳನ್ನೆಲ್ಲ ಕೂಡಿಸಿದರೆ 4 ಕೂಡ ಆಗಲ್ಲ. ಮೆಮೊರಿ ಲೀಕ್ ಇರಬಹುದಾ?

ಕೋಟೆ_ಲಿನಕ್ಸ್ (ಬೀದರ್):
ಲೀಕ್ ಅಲ್ಲ ಸರ್, ಅದು ಬಲೂನ್. ವಿಎಂ ಒಳಗೆ ಯಾವ ಪೇಜ್ (ಮೆಮೊರಿಯ ಚಿಕ್ಕ ತುಂಡು) ಖಾಲಿ ಇದೆ ಅಂತ ಹೋಸ್ಟ್‌ಗೆ, ಅಂದ್ರೆ ವಿಎಂಗಳನ್ನ ನಡೆಸೋ ಸರ್ವರ್‌ಗೆ, ಹೊರಗಿನಿಂದ ಗೊತ್ತಾಗಲ್ಲ. ಅದಕ್ಕೇ ಒಳಗೊಂದು ಡ್ರೈವರ್ ಕೂತು ವಿಂಡೋಸ್ ಹತ್ತಿರ ಮೆಮೊರಿ ಕೇಳಿ ಪಡೆಯುತ್ತೆ, ಪಡೆದದ್ದನ್ನು ಮುಟ್ಟದೆ ಹೋಸ್ಟ್‌ಗೆ ಬಿಟ್ಟುಕೊಡುತ್ತೆ. ಏನನ್ನು ಬಿಡಬೇಕು ಅನ್ನೋದನ್ನ ಗೆಸ್ಟೇ (ಅಂದ್ರೆ ವಿಎಂ) ತೀರ್ಮಾನಿಸಲಿ ಅನ್ನೋ ಈ ಉಪಾಯವನ್ನ ವಿಎಂವೇರ್‌ನ ಕಾರ್ಲ್ ವಾಲ್ಡ್‌ಸ್ಪರ್ಗರ್ 2002ರಲ್ಲೇ ಪ್ರಬಂಧವಾಗಿ ಬರೆದಿದ್ದರು. ವಿಂಡೋಸ್ ಮಾತ್ರ ಆ ಡ್ರೈವರ್ ಪಡೆದದ್ದನ್ನೂ ಬಳಕೆ ಅಂತಲೇ ಲೆಕ್ಕ ಹಾಕುತ್ತೆ. ಕನಿಷ್ಠವನ್ನ 8ಕ್ಕೆ ಏರಿಸಿ ನೋಡಿ.

ಶಹಾಪುರ_ನೆಟ್ (ಯಾದಗಿರಿ):
ಅಣ್ಣ ಹೇಳಿದ್ದು ಸರಿ, ಆದ್ರೆ 20 ಕೊಟ್ಟು 12 ಉಳಿದಿರುವಾಗ ಬಲೂನ್ ಉಬ್ಬಿದ್ದಾದರೂ ಯಾಕೆ? ಹೋಸ್ಟ್ ಬಳಕೆ 80% ದಾಟಿದಾಗಲೇ ಪ್ರಾಕ್ಸ್‌ಮಾಕ್ಸ್ ಗೆಸ್ಟ್‌ಗಳನ್ನ ಹಿಂಡೋದು. ನನ್ನ ಅನುಮಾನ ಜೆಡ್‌ಎಫ್‌ಎಸ್ ಮೇಲೆ. ಹಳೆ ಇನ್‌ಸ್ಟಾಲ್‌ಗಳಲ್ಲಿ ಅದರ ಎಆರ್‌ಸಿ ಕ್ಯಾಶ್ (ಡಿಸ್ಕ್‌ನ ಡೇಟಾವನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳೋ ಜಾಗ) ಅರ್ಧ ರ‍್ಯಾಮ್‌ವರೆಗೆ ಬೆಳೆಯುತ್ತೆ, ನಿಮ್ಮಲ್ಲಿ ಅಂದ್ರೆ 16 ಜಿಬಿ. ಪ್ರಾಕ್ಸ್‌ಮಾಕ್ಸ್ 8.1ರಿಂದ ಹೊಸದಾಗಿ ಹಾಕಿದರೆ ಮಾತ್ರ 10%ಗೆ ಮಿತಿ ಬರುತ್ತೆ, ಅಪ್‌ಗ್ರೇಡ್ ಮಾಡಿದ್ರೆ ಹಳೇದೇ ಉಳಿಯುತ್ತೆ. ರೆಕಾರ್ಡಿಂಗ್ ದಿನವಿಡೀ ಬರೆಯುತ್ತಲೇ ಇರುತ್ತೆ ನೋಡ್ರಿ, ಕ್ಯಾಶ್ ತುಂಬೋಕೆ ಅಷ್ಟು ಸಾಕು. ಹೋಸ್ಟ್ ತನ್ನ ಕ್ಯಾಶ್ ಬಿಡದೆ, ಪಾಪ, ಟ್ಯಾಲಿ ವಿಎಂನಿಂದ ಕಿತ್ತುಕೊಳ್ಳುತ್ತಿದೆ! ಎಆರ್‌ಸಿ ಗರಿಷ್ಠವನ್ನ 4 ಜಿಬಿಗೆ ಇಳಿಸಿ. ರೂಟ್ (ಸಿಸ್ಟಂ ಇರೋ ಡಿಸ್ಕ್ ಭಾಗ) ಕೂಡ ಜೆಡ್‌ಎಫ್‌ಎಸ್ ಮೇಲಿದ್ದರೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೊದಲು ಲೋಡ್ ಆಗೋ ಫೈಲ್) ಅಪ್‌ಡೇಟ್ ಮಾಡಿ ರೀಬೂಟ್ ಮಾಡಲೇಬೇಕು.

ಕೋಟೆ_ಲಿನಕ್ಸ್ (ಬೀದರ್):
ಹೌದ್ರಿ, ಜೆಡ್‌ಎಫ್‌ಎಸ್ ಅಂತ ಮೇಲೆಯೇ ಬರೆದಿದ್ದಾರೆ. ಲಿನಕ್ಸ್ ವಿಎಂಗೆ ಫ್ರೀ ಪೇಜ್ ರಿಪೋರ್ಟಿಂಗ್ ಅಂತ ಒಂದಿದೆ, ಕರ್ನಲ್ 5.7ರಿಂದ. ಖಾಲಿ ಪೇಜ್‌ಗಳನ್ನ ಗೆಸ್ಟ್ ತಾನಾಗೇ ಹೋಸ್ಟ್‌ಗೆ ತಿಳಿಸುತ್ತೆ. ಆದ್ರೆ ಇಲ್ಲಿ ಅದನ್ನ ನಂಬಬೇಡಿ: ರೆಕಾರ್ಡಿಂಗ್ ವಿಎಂನಲ್ಲಿ ತುಂಬಿರೋದು ಫೈಲ್ ಕ್ಯಾಶ್, ಅದು ಖಾಲಿ ಪೇಜ್ ಲೆಕ್ಕಕ್ಕೆ ಬರಲ್ಲ.

ತೊಗರಿ_ಸರ್ವರ್ (ಕಲಬುರಗಿ):
ಎಆರ್‌ಸಿ ಎಷ್ಟಿದೆ ಅಂತ ತೋರಿಸೋ ಆರ್ಕ್‌ಸ್ಟ್ಯಾಟ್ ಕಮಾಂಡ್ ಹಾಕಿ ನೋಡಿದೆ, ಎಆರ್‌ಸಿ 15 ಜಿಬಿ ದಾಟಿದೆ. ರಾತ್ರಿ ಮಿಲ್ ಬಂದ್ ಆದ ಮೇಲೆ 4ಕ್ಕೆ ಇಳಿಸಿ ರೀಬೂಟ್ ಮಾಡುತ್ತೇನೆ. ವಿಂಡೋಸ್ ಕನಿಷ್ಠವನ್ನೂ 8 ಮಾಡಿಬಿಡಲಾ, ಅಥವಾ ಮೊದಲು ಇದೊಂದನ್ನೇ ನೋಡಲಾ?

ಶಹಾಪುರ_ನೆಟ್ (ಯಾದಗಿರಿ):
ಮೊದಲು ಇದೊಂದೇ. ಎರಡೂ ಒಟ್ಟಿಗೆ ಬದಲಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.